ಬಣ್ಣಗಳ ಸರದಿ

ದೃಷ್ಟಿ ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದರು ಡಾಕ್ಟರು. ಹೆಂಡತಿಯ ಕಣ್ಣಿನ ಪಟ್ಟಿ ಬಿಚ್ಚಿದ ಸಂಜೆ, ಅವನು ದೀಪಾವಳಿಯ ಹಳೆಯ ಸೀರಿಯಲ್ ಸೆಟ್ಟನ್ನು ಬಿಚ್ಚಲು ಅವಳ ಎದುರಿಗೇ ಕುಳಿತ. ತಂತಿಯನ್ನು ತುದಿಯಿಂದ ಸುರುಳಿ ಸುತ್ತುತ್ತ, ಬಲ್ಬುಗಳನ್ನು ಒಂದೊಂದಾಗಿ ಕಳಚಿ ಟಾರ್ಚಿನ ಸೆಲ್ಲಿಗೆ ತಾಗಿಸಿ, ಉರಿದದ್ದನ್ನು ಬಟ್ಟಲಿಗೆ ಹಾಕತೊಡಗಿದ.

“ನೀನೇ ಪೋಣಿಸಿದ ಸರ ಕಣೇ, ತುದಿಯಿಂದ ಬಿಚ್ತಿದೀನಿ. ಇದ್ಯಾವ ಬಣ್ಣ, ಹೇಳು.”

“ಕೆಂಪು. ಪರೀಕ್ಷೆ ಮಾಡ್ತೀರೇನ್ರೀ, ಮೇಷ್ಟ್ರೇ?”

“ಇದು?”

“ಹಸಿರು.”

ಅವನು ಸಂತೋಷದಿಂದ ಮುಂದಿನ ಬಲ್ಬನ್ನು ಕಳಚಿ ಹಿಡಿದ. “ಮತ್ತೆ ಇದು?”

“ನೀಲಿ. ಎಷ್ಟು ಚೆನ್ನಾಗಿ ಉರೀತಿದೆ, ಅಲ್ವಾ!”

ಅವನು ಬಲ್ಬನ್ನು ಸೆಲ್ಲಿಗೆ ಇನ್ನೊಮ್ಮೆ ಒತ್ತಿ ನೋಡಿದ.

“ಹೌದು ಕಣೇ,” ಎಂದು, ಉರಿಯದೇ ಹೋದ ಆ ಬಲ್ಬನ್ನೂ ಬಟ್ಟಲಿಗೇ ಹಾಕಿದ.