ಒಂದೇ ಹಳಿಯ ಎರಡು ದೂರ

ಸಾವಾ ಬೆಸಾರ್ ನಿಲ್ದಾಣದಲ್ಲಿ ಬಾಸೊ ರೈಲಿನಿಂದ ಇಳಿಯಲಿಲ್ಲ, ಜನ ಅವನನ್ನು ಇಳಿಸಿದರು. ಹೇಗೋ ಕಂಬ ಹಿಡಿದು ನಿಂತ. ಅಂಗಿಯ ಗುಂಡಿಯೊಂದು ಹಾರಿಹೋಗಿತ್ತು. ಡೆಪೋಕ್‌ನಿಂದ ಇಲ್ಲಿಯ ತನಕ ಅವನು ಹೆಚ್ಚುಕಡಿಮೆ ಒಂಟಿಕಾಲಿನಲ್ಲೇ ಬಂದಿದ್ದ; ಇನ್ನೊಂದನ್ನು ಊರಲು ಜಾಗ ಸಿಕ್ಕಿರಲಿಲ್ಲ.

ಇದು ಅವನ ಹೆಂಡತಿ ತೆನ್ರಿ ಹೂಡಿದ ಪರೀಕ್ಷೆ. ಮಕಾಸರ್ ಬಿಟ್ಟು ಜಕಾರ್ತಾಕ್ಕೆ ಬಂದ ಇಬ್ಬರೂ ಸಾವಾ ಬೆಸಾರ್‌ನಲ್ಲಿ ಅವನ ಅಣ್ಣನ ಮನೆಯಲ್ಲಿ, ಮಕ್ಕಳುಮರಿಗಳ ನಡುವೆ ಹಾಸಿಗೆ ಬಿಚ್ಚಿದ್ದರು. ತೆನ್ರಿಗೆ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಬಾಸೊನಿಗೆ ಊರಾಚೆ ಡೆಪೋಕ್‌ನ ಶಾಲೆಯಲ್ಲಿ ಮೋಟಾರು ರಿಪೇರಿ ಕಲಿಸುವ ಕೆಲಸ. ಕೆಲಸ ಶುರುವಾಗುವ ಮೊದಲು ಬಾಡಿಗೆ ಮನೆ ಗೊತ್ತು ಮಾಡಬೇಕಿತ್ತು. ಡೆಪೋಕ್‌ನಲ್ಲಿ ನೋಡಿದ ಅಂಗಳದ ಮನೆಗೆ ಬಾಸೊ ಮನಸೋತಿದ್ದ. ತೆನ್ರಿ ಆಸ್ಪತ್ರೆಯ ಹಿಂದಿನ ಓಣಿಯ ಎರಡು ಕೋಣೆ ಸಾಕು ಎನ್ನುತ್ತಿದ್ದಳು. ದೂರ ಯಾರ ಪಾಲಿಗೆ ಬಂದರೂ ಅಷ್ಟೇ ತಾನೆ ಎಂದು ಅವನು ವಾದಿಸಿದ್ದ. ಹಾಗಾದರೆ ಡೆಪೋಕ್‌ನಲ್ಲಿದ್ದರೆ ನನಗೆ ಬೀಳುವ ದೂರವನ್ನು ನೀವು ನೋಡಿ, ಇಲ್ಲಿದ್ದರೆ ನಿಮಗೆ ಬೀಳುವುದನ್ನು ನಾನು ನೋಡುತ್ತೇನೆ ಎಂದಿದ್ದಳು ಅವಳು. ಅದಕ್ಕೇ ಅವನು ಹಿಂದಿನ ಸಂಜೆಯೇ ಹೋಗಿ ಡೆಪೋಕ್‌ನ ಗೆಳೆಯನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಆಫೀಸಿನ ಜನರ ಜೊತೆ ರೈಲು ಹತ್ತಿದ್ದ. ಅದೇ ಹೊತ್ತಿಗೆ ತೆನ್ರಿ ಇಲ್ಲಿಂದ ಅತ್ತ ಹೊರಟಿದ್ದಳು.

ಮಧ್ಯಾಹ್ನ ಅವಳು ಅಣ್ಣನ ಮನೆಗೆ ಮರಳಿದಾಗ ತಲೆವಸ್ತ್ರ ಕೂಡ ಸುಕ್ಕಾಗಿರಲಿಲ್ಲ.

"ನಿಂತೂ ನಿಂತೂ ಕಾಲು ಸೋತಿರ್ಬೇಕು," ಅಂದ ಬಾಸೊ.

"ನಿಲ್ಲೋದ್ಯಾಕೆ ದಾಯೆಂಗ್? ಕೂತ್ಕೊಂಡೇ ಹೋದೆ. ಪಕ್ಕದಲ್ಲಿ ನನ್ನ ಚೀಲಕ್ಕೂ ಒಂದು ಸೀಟು ಸಿಕ್ತು." ಮಕಾಸರ್ ಕಡೆಯ ರೂಢಿಯಂತೆ ಅವಳು ಗಂಡನನ್ನು ದಾಯೆಂಗ್ ಎಂದೇ ಕರೆಯುತ್ತಿದ್ದಳು.

ಅವನು ನಂಬಲಿಲ್ಲ. ಅದೇ ಹಳಿ, ಅದೇ ಹೊತ್ತು, ಅದು ಹೇಗೆ ಎಂದು ಕೇಳಿದ.

"ಬೆಳಗಾದ್ರೆ ಎಲ್ರೂ ಊರೊಳಗೆ ಬರ್ತಾರೆ. ಹೊರಗೆ ಹೋಗೋರು ಯಾರು? ನಿಮ್ಮಂಥೋರು ನಾಲ್ಕು ಜನ."

ಅಂಗಳ ಗುಡಿಸುವ ಕಷ್ಟ ತಪ್ಪಿತಲ್ಲ ಎಂದು ಅಣ್ಣ ನಕ್ಕ. ಬಾಸೊನಿಗೂ ನಗು ಬಂತು. ದಾರಿಯಲ್ಲಿ ಏನೇನು ಕಂಡಿತೆಂದು ಹೆಂಡತಿಯನ್ನು ಕೇಳಿದ. ತೆನ್ರಿ ಹೇಳುತ್ತಲೇ ಹೋದಳು: ತಗಡಿನ ಮಾಡಿನ ಮೇಲೆ ಹಪ್ಪಳ ಒಣಗಿಸುತ್ತಿದ್ದ ಮುದುಕಿ, ಹಳಿಯ ಪಕ್ಕ ಗಾಳಿಪಟ ಹಾರಿಸುತ್ತಿದ್ದವರು, ಗೋಡೆಗೆ ಒರಗಿದ ಪಪ್ಪಾಯಿ ಮರ, ಸುಮ್ಮನೆ ಕೂತು ನೋಡುತ್ತಾ ಇಳಿಯುವುದನ್ನೇ ಇನ್ನೇನು ಮರೆಯಲಿದ್ದುದು. ಈ ಊರಿಗೆ ಬಂದ ಮೇಲೆ ಅವಳು ಇಷ್ಟು ಹೊತ್ತು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಕೊನೆಗೆ, ನಾಳೆಯೇ ಓಣಿಯ ಮನೆ ಗೊತ್ತು ಮಾಡೋಣ, ನೀನು ಹೇಳಿದ್ದೇ ಸರಿ ಎಂದ. ತೆನ್ರಿ ತುಸು ತಡೆದು, ಆಗಲಿ ಎಂದು ತಲೆಯಾಡಿಸಿದಳು.

ಓಣಿಯ ಮನೆಗೆ ಬಂದ ಮೇಲೆ ಅವಳು ವಾರ್ಡಿನಿಂದ ಹೊರಟರೆ ಬೆವರು ಒಡೆಯುವ ಮೊದಲೇ ಅಡಿಗೆಮನೆಯಲ್ಲಿರುತ್ತಿದ್ದಳು. ಅವಳಿಗೆ ಮೊದಲ ವಾರದ ರಜೆ ಬಂದ ದಿನ ಬಾಸೊ ಶಾಲೆಯಿಂದ ಫೋನ್ ಮಾಡಿದ. ಅವಳ ಹಿಂದೆ ಗಾಡಿಯ ಸದ್ದು ಕೇಳಿಸಿತು.

"ಎಲ್ಲಿದ್ದೀಯ?"

"ರೈಲಲ್ಲಿ. ಡೆಪೋಕ್ ದಾಟಿ, ಕೊನೇ ಸ್ಟೇಷನ್ ಬೋಗೋರ್ ತನಕ ಹೋಗಿ ವಾಪಸ್ ಬರ್ತಿದ್ದೀನಿ."

"ಬೋಗೋರಲ್ಲಿ ಏನು ಕೆಲಸ ಇತ್ತು?"

"ಏನೂ ಇಲ್ಲ," ಅಂದಳು ತೆನ್ರಿ. "ನಾನು ಇಳೀಲೇ ಇಲ್ಲ."