ಕೊಯ್ದ ಕೊಂಡಿ

“ಇದು ಮುರಿದಿದ್ದಲ್ಲಪಾ. ಕೊಯ್ದಿದ್ದು.”

ಮೆಕ್ಯಾನಿಕ್ ಗೌಸಸಾಬ್ ಪಿಕಪ್ಪಿನ ಅಡಿಯಿಂದ ತೆವಳಿ ಹೊರಬಂದು ಗೇಣುದ್ದದ ಕಬ್ಬಿಣದ ತುಂಡನ್ನು ದೊಡ್ಡಬಸವರಾಜನ ಕೈಗಿಟ್ಟ. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲದಂತೆ ಹಿಡಿಯುವ ಸ್ವೇ ಬಾರಿನ ಲಿಂಕು ಅದು. ತುಂಡಾದ ತುದಿಯ ಮುಕ್ಕಾಲು ಪಾಲು ನುಣ್ಣಗೆ, ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದ ಕಾಲು ಪಾಲು ಮಾತ್ರ ಒರಟಾಗಿ ಹರಿದಿತ್ತು.

ದೊಡ್ಡಬಸವರಾಜ ಅದನ್ನು ಎರಡೇ ಬೆರಳಲ್ಲಿ ಹಿಡಿದು ಮೂಗು ಸಿಂಡರಿಸಿದ. ಗ್ರೀಸು ಕಂಡರೆ ಅವನಿಗೆ ಹೇಸಿಗೆ. ಇನ್ನೊಬ್ಬರು ಕುಡಿದ ಲೋಟ ಕಂಡರೆ ಹೇಸಿಗೆ. ಯಾರಾದರೂ ಸೀನಿದರೆ ಆ ಹೊತ್ತಿನ ಊಟ ಅವನಿಗೆ ಸೇರುತ್ತಿರಲಿಲ್ಲ.

“ಥೂ, ಕೈ ಒರಸಾಕ ಒಂದು ಅರಿವಿ ಕೊಡೋ.”

“ಅಬಾಬಾ! ಕೋಳಿಗೊಬ್ಬರದ ಗಾಡಿ ತಂದು ನನ್ನ ಮಾರಿ ಮ್ಯಾಲೆ ಸೋರಸ್ತಿ. ಸಿರುಗುಪ್ಪ ರೋಡಿನ ಮಂದಿಯೆಲ್ಲ ಮೂಗು ಮುಚ್ಚಿಕೊಂಡು ನಿಂತೈತಿ. ನಿನಗ ಹೇಸಿಗಿ?”

“ಅದು ದುಡಿಮಿ. ದುಡಿಮಿಗೆ ವಾಸನಿ ಇರಂಗಿಲ್ಲ.”

ಗೌಸಸಾಬ್ ನಗಲಿಲ್ಲ. “ಹೋದ ಸಲಾನೂ ಇದೇ ಕಡೇದು ಹೋಗಿತ್ತು. ಡೂಪ್ಲಿಕೇಟ್ ಮಾಲು ಹಾಕೀದಿ ಅಂತ ನನ್ನನ್ನ ಬೈದಿ. ಈಗ ನೋಡು. ಲೋಡ್ ಹಾಕ್ಕೊಂಡು ಕಾಲುವಿ ತಿರುವಿನಾಗ ಜೋರು ಹೊಳ್ಳಿಸಿದ್ರ ಗಾಡಿ ನೀರಾಗ, ನೀ ಗಾಡಿ ಕೆಳಗ. ಯಾರಿಗೋ ನೀ ಬ್ಯಾಡಾಗಿದೀ. ಗಾಡಿ ಎಲ್ಲಿ ನಿಲ್ಲಸ್ತಿ?”

“ಮನ್ಯಾಗ.”

ಗೌಸಸಾಬ್ ಜಾಕು ಹುಡುಕಲು ಹೋದ.

ಬಾದನಹಟ್ಟಿಯ ಆ ಮನೆಯಲ್ಲಿ ಪೈಪು ಕೊಯ್ಯಲು ತಂದ ಗರಗಸವೊಂದಿತ್ತು. ಅವನನ್ನು ಬಿಟ್ಟರೆ ಇದ್ದದ್ದು ಇಬ್ಬರು. ಒಬ್ಬಳು ಅಕ್ಕ ದಾಕ್ಷಾಯಣಮ್ಮ. ತಾಯಿಯಿಲ್ಲದ ತಮ್ಮನಿಗೆ ರೊಟ್ಟಿ ಅಗಿದು ತುತ್ತಿಟ್ಟು ಬೆಳೆಸಿದವಳು. ಲಕ್ವ ಹೊಡೆದ ಮೇಲೆ ಅರ್ಧ ಮೈ ಬಿದ್ದುಹೋಗಿ, ಕಿವಿಯೂ ಹೋಗಿ, ಕಟವಾಯಿಂದ ಜೊಲ್ಲು ಸುರಿಯತೊಡಗಿತು. ಅದನ್ನು ಕಂಡು ದೊಡ್ಡಬಸವರಾಜನಿಗೆ ವಾಂತಿ ಬರುವಂತಾಗುತ್ತಿತ್ತು. ತಾನು ಮನೆಗೆ ಬಂದಾಗ ಆಕೆ ಕಣ್ಣಿಗೆ ಬೀಳಕೂಡದು ಎಂದು ಹಿಂದಿನ ಕೋಣೆಗೆ ಹಾಕಿಸಿದ್ದ. ಉಗಾದಿಯಿಂದೀಚೆಗೆ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಆ ಕೈಯಲ್ಲಿ ಚಮಚವೇ ನಿಲ್ಲದು, ಗರಗಸ ದೂರದ ಮಾತು.

ಉಳಿದವಳು ಹೆಂಡತಿ ಶೀಲಾ.

ಒಂದೊಂದಾಗಿ ನೆನಪಾದವು. ತಾನು ಮನೆಗೆ ಬಂದಾಗಲೆಲ್ಲ ಅವಳಿಗೆ ಏದುಸಿರು. ಸೆರಗಿಗೆಲ್ಲ ಮಣ್ಣು. ಬೇವಿನ ಗಿಡದ ಬುಡದಲ್ಲಿ ಒಂದಲ್ಲ, ಎರಡು ಚಹಾದ ಲೋಟ. ಅಲ್ಲಿಂದ ಹಿತ್ತಲ ಬಾಗಿಲಿನವರೆಗೆ ಮಣ್ಣಲ್ಲಿ ಏನೋ ಎಳೆದ ಗುರುತು, ಯಾರೋ ಚಪ್ಪಲಿ ಎಳೆದುಕೊಂಡು ಓಡಿದ ಹಾಗೆ. ಮೊದಲ ಸಲ ಲಿಂಕು ತಾನಾಗಿ ಸವೆದು ಮುರಿದಾಗ, “ಬರೀ ಸಪ್ಪಳ, ಬ್ಯಾರೆ ಏನೂ ಆಗಂಗಿಲ್ಲ” ಎಂದು ತಿಂಗಳೊಪ್ಪತ್ತು ಹಾಗೇ ಓಡಿಸಿದ್ದ. ರಿಪೇರಿ ಮಾಡಿಸಿ ಬಂದ ದಿನ ಶೀಲಾ ಗಾಡಿಯ ಸುತ್ತ ಬಂದು, “ಸಪ್ಪಳ ಹೋತೇನ್ರಿ?” ಎಂದು ಕೇಳಿದ್ದಳು. ಹೋಯಿತೆಂದರೆ ಮುಖ ಬಾಡಿಸಿದ್ದಳು. ಗಂಡನ ಗಾಡಿ ನೆಟ್ಟಗಾದರೆ ಯಾವ ಹೆಂಗಸು ಮುಖ ಬಾಡಿಸುತ್ತಾಳೆ?

ಅವಳ ಕೈಯ ರೊಟ್ಟಿ ತಿಂದದ್ದು ನೆನಪಾಯಿತು. ಕ್ಯಾಕರಿಸಿ ಉಗುಳಿದ.

“ಎರಡೂ ಕಡೆ ಹೊಸಾದು ಹಾಕು, ಸಾಬ. ಗಾಡಿ ಒಂದೀಟೂ ಸಪ್ಪಳ ಮಾಡಬಾರದು.”

ಗೌಸಸಾಬ್ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಬಡಿದು ಬಿಚ್ಚಿದ. ಹೊಸ ಲಿಂಕು ಕೂರಿಸಿ, ಬುಷ್ಷಿಗೆ ಗ್ರೀಸು ತುಂಬಿ, ಸ್ಪ್ಯಾನರಿನ ಮೇಲೆ ಮೈಭಾರ ಹಾಕಿ ಬಿಗಿದ. ಬಂಪರಿನ ಮೇಲೆ ಹತ್ತಿ ಗಾಡಿಯನ್ನು ಕುಣಿಸಿ ಕಿವಿಗೊಟ್ಟ. ಕಿಟಕ್ ಎನ್ನಲಿಲ್ಲ.

“ಹಾವು ಹರದಂಗ ಹೋಕ್ಕೈತಿ, ಹೋಗು. ಮನ್ಯಾಗ ಕೈ ಮಾಡಬ್ಯಾಡ. ಮೊದಲು ಕೇಳು.”

ಗೊಬ್ಬರವನ್ನು ಕರೂರಿನ ಗದ್ದೆಗೆ ಇಳಿಸಬೇಕಿತ್ತು. ಅವನು ಬಾದನಹಟ್ಟಿಯ ಕಡೆಗೆ ತಿರುಗಿಸಿದ.

ಮನೆ ರಸ್ತೆಯ ಅಂಚಿಗೇ ಇತ್ತು. ಟ್ರ್ಯಾಕ್ಟರು, ಲಾರಿ ದಿನವಿಡೀ ಓಡುವ ರಸ್ತೆ. ಬರಿಯ ಇಂಜಿನ್ನಿನ ಸದ್ದಿಗೆ ಅಲ್ಲಿ ಯಾರೂ ತಲೆಯೆತ್ತರು. ಕಾಲುವೆ ಸೇತುವೆಯ ಹಂಪು ಬಂತು. ಲಿಂಕು ಹೋದ ದಿನಗಳಲ್ಲಿ ಇಲ್ಲಿಂದಲೇ ಟಕ್ಕಟಕ್ಕೆಂದು ಶುರುವಾಗಿ ಮನೆಯತನಕ ಡಂಗುರ ಹೊಡೆಯುತ್ತಿತ್ತು. ಇಂದು ಗಾಡಿ ಹಂಪನ್ನು ನುಂಗಿದಂತೆ ದಾಟಿತು. ದೊಡ್ಡಬಸವರಾಜ ಹಲ್ಲು ಕಚ್ಚಿ ನಕ್ಕ. ಈಗ ಓಡ್ರಿ ನೋಡೋಣ, ಇಬ್ಬರೂ.

ಹಾರ್ನ್ ಹೊಡೆಯಲಿಲ್ಲ. ವೇಗ ತಗ್ಗಿಸದೆ ಗೇಟಿನೊಳಕ್ಕೆ ನುಗ್ಗಿಸಿ, ಯಾವಾಗಲೂ ನಿಲ್ಲಿಸುವ ಬೇವಿನ ಗಿಡದ ಬುಡಕ್ಕೆ ಹೊರಳಿಸಿದ. ಕಣ್ಣು ಮಾತ್ರ ಹಿತ್ತಲ ಬಾಗಿಲ ಮೇಲಿತ್ತು.

ಬಾಗಿಲಿಂದ ಯಾರೂ ಓಡಲಿಲ್ಲ.

ಬಾನೆಟ್ಟಿನ ಆಚೆ, ನೆಲಮಟ್ಟದಿಂದ, ಒಂದು ಕೈ ಮೇಲೆದ್ದಿತು.

ಎರಡೂ ಕಾಲು ಬ್ರೇಕಿನ ಮೇಲೆ ಬಿದ್ದವು. ಗಾಡಿ ಜಗ್ಗಿ ನಿಂತಿತು. ಇಳಿದು ನೋಡಿದ. ಮುಂದಿನ ಗಾಲಿ ಕೌದಿಯೊಂದರ ತುದಿ ಹತ್ತಿ ನಿಂತಿತ್ತು. ಅದೇ ಕೌದಿಯ ಮೇಲೆ ದಿಂಬಿಗೊರಗಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಎರಡು ಚಹಾದ ಲೋಟಗಳ ಪಕ್ಕದಲ್ಲಿ ದಾಕ್ಷಾಯಣಮ್ಮ ಕುಳಿತಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. ತಮ್ಮನನ್ನು ಕಂಡು ಅರ್ಧ ಬಾಯಲ್ಲೇ ನಕ್ಕಳು. ಜೊಲ್ಲು ಇಳಿಯಿತು.

ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ ಶೀಲಾ, ಏದುಸಿರು ಬಿಡುತ್ತ ನೆಲಕ್ಕೆ ಕುಸಿದು ಕೌದಿಯನ್ನು ಗಾಲಿಯಡಿಯಿಂದ ಎಳೆಯತೊಡಗಿದಳು.

“ಕೋಣ್ಯಾಗ ಕೊಳಿಯಾಕತ್ತಿದ್ರು, ಗಾಳಿಗೆ ತಂದು ಕುಂದರಸ್ತಿದ್ದೆ… ಗಾಡಿ ಸಪ್ಪಳ ಸೇತುವಿ ಹತ್ರಾನೇ ಕೇಳಿದ್ರ, ನೀವು ಬರಾದ್ರಾಗ ಅಕ್ಕನ್ನ ಕೌದಿ ಸಮೇತ ಒಳಗ ಎಳಕೊಳ್ಳಾಕ ಆಗ್ತಿತ್ತು, ಅದಕ್ಕ ಕೊಯ್ದೆ ರೀ.”