ಪದಕದ ಪಕ್ಕದ ಬಾಚಣಿಗೆ

ಸುಟ್ಟುಹೋದ ಬಾಚಣಿಗೆ ಕಾರ್ಖಾನೆಯ ಸಾಹುಕಾರನ ಮಗ ಅಪ್ಪನ ಕಂಚಿನ ಪದಕವನ್ನು ಮ್ಯೂಸಿಯಮ್ಮಿಗೆ ತಂದ. ಕೆಲಸಗಾರರನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ಸಿಕ್ಕಿದ್ದಂತೆ! ಹಳೆಯ ವಸ್ತುಗಳನ್ನು ಕೆಡದಂತೆ ಕಾಪಾಡುವ ಜುಲೇಖಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: “ಬೆಂಕಿ ಹೇಗೆ ಬಿತ್ತು ಸರ್?”

“ಯಾವಳೋ ಕೆಲಸದವಳು ಮಧ್ಯಾಹ್ನದ ಊಟ ಬಿಸಿ ಮಾಡೋಕೆ ಸ್ಟವ್ ಹಚ್ಚಿದ್ಲು. ತಾನೂ ಸತ್ಲು, ನಮ್ಮಪ್ಪಾಜಿಗೂ ಕೆಟ್ಟ ಹೆಸರು ತಂದ್ಲು.”

ಜುಲೇಖಾ ತೆರೆದ ಕಪಾಟಿನಿಂದ ಒಂದು ಸೆಲ್ಯುಲಾಯ್ಡ್ ಬಾಚಣಿಗೆ ತಂದು, ಗಾಜಿನ ಪೆಟ್ಟಿಗೆಯಲ್ಲಿ ಪದಕಕ್ಕೆ ತಾಗುವಂತೆ ಇಟ್ಟಳು.

“ನಿಮ್ಮ ಕಾರ್ಖಾನೆಯದೇ ಸರ್. ಜೊತೆಗಿರಲಿ.”

“ಭೇಷ್! ಗಾಳಿ ಆಡದ ಹಾಗೆ ಬಿಗಿಯಾಗಿ ಮುಚ್ಚಿಬಿಡಿ. ಪ್ಲಾಸ್ಟಿಕ್ಕಿಗೇನು ಸಾವೇ? ಪದಕ ಮಾತ್ರ ಜೋಪಾನ.”

“ಹಾಗೇ ಆಗಲಿ ಸರ್.”

ಅವನ ಕಾರು ಗೇಟು ದಾಟಿತು. ಸಹಾಯಕಿ ಗಾಬರಿಯಾದಳು. “ಮೇಡಂ, ಹಳೇ ಸೆಲ್ಯುಲಾಯ್ಡ್ ಮುಚ್ಚಿಟ್ರೆ ಆಮ್ಲದ ಆವಿ ಬಿಡುತ್ತೆ, ಪಕ್ಕದ ಲೋಹಾನ ತಿಂದುಹಾಕುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು!”

ಜುಲೇಖಾ ಬೀಗ ತಿರುಗಿಸಿದಳು.

“ತಿನ್ನಲಿ. ಆ ಬಾಚಣಿಗೆಯ ಹಲ್ಲು ಕೊರೆದವರು ನಮ್ಮ ಅಮ್ಮಿ. ಬೆಂಕಿ ಬಿದ್ದ ದಿನ ಅವರು ರಂಜಾನ್ ಉಪವಾಸ ಇದ್ರು.”